ಅಕ್ಷರಸಾಮ್ಯವು ಬಾಂಧವ್ಯವಲ್ಲ

ಇರಾಕದ ದಕ್ಷಿಣಭಾಗದಲ್ಲಿ, ಯೂಫ್ರೆಟಿಸ್ ನದಿಯ ಪ್ರಾಂತದಲ್ಲಿ, ಲಿಯೊನಾರ್ಡ್ ವೂಲಿಯವರು 1922ರಿಂದ 1934ರವರೆಗೆ ಅಗೆಯಿಸಿದ ಪುರಾತನ ಪಟ್ಟಣಕ್ಕೆ 'ಊರ್' ಎಂದು ಹೆಸರು. ಈ ಹೆಸರು ಕಿವಿಗೆ ಬಿದ್ದೊಡನೆಯೇ ಕೆಲವು ಭಾಷಾಭಿಮಾನಿಗಳು ಹಿಗ್ಗುತ್ತಾರೆ. ಬೆಂಗಳೂರಿನ ಊರೂ ಆ ಊರೂ ಒಂದೇ. ಆದುದರಿಂದ ಸುಮೇರರು ಕನ್ನಡಿಗರ ದಾಯಾದಿಗಳು. ಆದುದರಿಂದ ಲೋಕದ ಮೊದಲ ನಾಗರಿಕತೆಯೂ ಕನ್ನಡಿಗರದೇ ಎಂದು ಒಂದೇ ಉಸಿರಿಗೆ ಸಾಧಿಸಿಬಿಡುತ್ತಾರೆ. ಅಭಿಮಾನವು ಸ್ತುತ್ಯವೇ ಸರಿ. ವಾದವು ಮಾತ್ರ ನಿಲ್ಲತಕ್ಕುದಲ್ಲ.

ಈ ಎರಡಕ್ಷರದ ಜಾಡನ್ನು ಹಿಡಿದು ಹೊರಟರೆ ಏನಾಗುವುದೆಂಬುದನ್ನು ನೋಡಬಹುದು. ಸಂಸ್ಕೃತದಲ್ಲಿ 'ಊರು' ಎಂದರೆ ತೊಡೆ. ಹಂಗೆರಿಯವರಲ್ಲಿ 'ಊರ್' ಎಂದರೆ ಒಡೆಯ. ಸ್ಪೇನ್ ಫ್ರಾನ್ಸ್ ದೇಶಗಳ ಗಡಿಯಲ್ಲಿರುವ ಬಾಸ್ಕ್ ಜನರಿಗೆ 'ಉರ್' ಎಂದರೆ ನೀರು. ಜರ್ಮನರಿಗೆ ಅದು 'ಆದಿಯ' ಎಂಬರ್ಥದ ಉಪಸರ್ಗ. ಸಾಕ್ಷಾತ್ ಸುಮೇರರ ಭಾಷೆಯಲ್ಲಿಯೇ 'ಉರ್' ಎಂದರೆ ನಾಯಿ! ಸದ್ದೊಂದೇ ಸಾಕ್ಷಿಯಾದರೆ ಇವರೆಲ್ಲರೂ ಕನ್ನಡಿಗರ ನೆಂಟರಾಗಬೇಕು. ಅಷ್ಟು ದೂರವೇಕೆ? ಊರಿಗೆ ಹೋಗುವುದು, ಕೋಲನ್ನು ಊರುವುದು, ಬಾಯಲ್ಲಿ ನೀರೂರುವುದು ಎಂದು ಕನ್ನಡದಲ್ಲಿಯೇ ಮೂರು ಬಗೆಯುಂಟು. ಹಳಗನ್ನಡದಲ್ಲಿ ಜನವಸತಿಯು 'ಊರ್'. ಉಳಿದ ಕ್ರಿಯೆಗಳೆರಡೂ ಶಕಟರೇಫವುಳ್ಳ 'ಊಱು'. ಆ ಅಕ್ಷರವು ಬಳಕೆ ತಪ್ಪಿದ ಮೇಲೆ ಬೇರೆ ಬೇರೆ ಮಾತುಗಳು ಒಂದೇ ವೇಷವನ್ನು ತೊಟ್ಟವು.

ಸುಮೇರರು ಪಟ್ಟಣವನ್ನೂ 'ಉರು' ಎನ್ನುತ್ತಿದ್ದರಲ್ಲವೆ ಎಂದು ವಾದಿಗಳು ಕೇಳಬಹುದು. ಅಹುದು, 'ಉರು' ಎಂದೂ 'ಇರಿ' ಎಂದೂ ಓದಲ್ಪಡುವ ಮಾತೊಂದು ಅವರಲ್ಲಿತ್ತು. ಆದರೆ ನೀರಿಗೆ 'ಅ', ಕಣ್ಣಿಗೆ 'ಇಗಿ', ಕೈಗೆ 'ಶು' ಎನ್ನುತ್ತಿದ್ದವರನ್ನು ಆ ಒಂದು ಮಾತಿನ ಬಲದಿಂದ ಕನ್ನಡದ ಮನೆತನಕ್ಕೆ ಸೇರಿಸುವುದು, ಒಂದೇ ಹೆಸರಿನವರೆಲ್ಲರೂ ಒಡಹುಟ್ಟಿದವರೆಂದು ಹೇಳಿದಂತೆ.

ನಿಜವಾದ ಬಾಂಧವ್ಯವು ಸಾದೃಶ್ಯದಲ್ಲಿ ಅಲ್ಲ, ನಿಯಮದಲ್ಲಿ ಇರುತ್ತದೆ. ಕನ್ನಡದ ಹಾಲು, ಹುಲಿ, ಹತ್ತು ಎಂಬಿವು ತಮಿಳಿನಲ್ಲಿ ಪಾಲ್, ಪುಲಿ, ಪತ್ತು. ಹಳಗನ್ನಡದಲ್ಲಿಯೂ ಅವು ಪಕಾರದಿಂದಲೇ ಮೊದಲಾಗುತ್ತಿದ್ದವು. ಕನ್ನಡದ ಕಿವಿ, ಕೆರೆ, ಕೈ ಎಂಬಿವು ತೆಲುಗಿನಲ್ಲಿ ಚೆವಿ, ಚೆರುವು, ಚೇಯಿ. ಅಕ್ಷರ ಬೇರೆಯಾದರೂ ವ್ಯತ್ಯಾಸಕ್ಕೆ ಕ್ರಮವುಂಟು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಕಾಲ್ಡ್‌ವೆಲ್ಲರು ಈ ಭಾಷೆಗಳನ್ನು ಒಂದು ಕುಲವೆಂದು ಎಣಿಸಿದುದು ಶಬ್ದಗಳನ್ನೂ ವ್ಯಾಕರಣವನ್ನೂ ಸಾಲಾಗಿ ಹೋಲಿಸಿ ನೋಡಿ. ಒಂದು ಪಟ್ಟಣದ ಹೆಸರನ್ನು ಕೇಳಿ ಅಲ್ಲ.

ಈ ಭೇದವನ್ನು ತಿಳಿಯದೆ ಮಕ್ಕಳಿಗೆ ಕಟ್ಟುಕಥೆಯನ್ನೇ ಚರಿತ್ರೆಯೆಂದು ಕಲಿಸಿದರೆ ಹಾನಿಯು ಕನ್ನಡಕ್ಕೇ. ಹದಿನೈದು ಶತಮಾನಗಳ ಶಾಸನಸಂಪತ್ತುಳ್ಳ ಭಾಷೆಗೆ ಕಲ್ಪಿತವಾದ ಹಿರಿಮೆಯು ಬೇಕಿಲ್ಲ. ಸುಳ್ಳು ವಂಶಾವಳಿಯನ್ನು ಹಿಡಿದು ಸಭೆಗೆ ಹೋದವನು ಆಮೇಲೆ ನಿಜವಾದ ತಾಮ್ರಪಟವನ್ನೇ ತೋರಿಸಿದರೂ ಜನರು ನಂಬಲಾರರು.