ಮೊದಲು ಸಾಹಸ, ಆಮೇಲೆ ಆರಾಮ

ನನ್ನೂರು ನಂಜನಗೂಡು, ಕಪಿಲೆ ದಡ. ನನ್ನಾಕೆಯದು ಟಿ. ನರಸೀಪುರ, ಕಪಿಲೆ–ಕಾವೇರಿ ಸಂಗಮ. ‘ನೀರಿಗಿಳೀಬೇಡ’ ಅಂತ ಬೈಸಿಕೊಂಡೇ ಬೆಳೆದ ಇಬ್ಬರಿಗೂ ಈಜು ಬರಲ್ಲ. ಆದ್ರೂ ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ, ಅಂದರೆ ಹಳೇ ಹ್ಯಾವ್‌ಲಾಕ್‌ನಲ್ಲಿ, ಸ್ಕೂಬಾ ಮಾಡಿದ್ವಿ. ಮೊದಲ ಸಲದವರ ಜೊತೆ ತರಬೇತುದಾರರು ಇದ್ದೇ ಇರ್ತಾರೆ. ಉಸಿರು ಮಾತ್ರ ಬಿಗಿಹಿಡಿಯಬಾರದು, ಬಾಯಲ್ಲಿ ಆಡ್ತಾನೇ ಇರಬೇಕು. ನೀರೊಳಗೆ ಎಲ್ಲಾ ಕೈಸನ್ನೆ. ಹೆಬ್ಬೆರಳು ಎತ್ತಿದ್ರೆ ‘ಸೂಪರ್’ ಅಲ್ಲ, ‘ಮೇಲೆ ಹೋಗೋಣ’ ಅಂತ. ಫೋನಿಲ್ಲ, ಮಾತಿಲ್ಲ. ಅವಳು ಹೆದರಿದ್ದಾಳಾ ಅಂತ ಕಣ್ಣು ನೋಡಿಯೇ ತಿಳ್ಕೋಬೇಕು. ತಿಳೀತು ಕೂಡ.

ಹೋಗೋರಿಗೊಂದು ಕಿವಿಮಾತು: ಮೈಯಲ್ಲಿ ಕರಗಿದ ಸಾರಜನಕ ಹೊರಹೋಗೋಕೆ ಸಮಯ ಬೇಕು. ಸ್ಕೂಬಾ ಆದ್ಮೇಲೆ 18 ಗಂಟೆಯಾದ್ರೂ ವಿಮಾನ ಹತ್ತಬೇಡಿ. ಸಾಹಸ ಮೊದಲು ಮುಗಿಸಿ, ಕೊನೇ ದಿನ ರಾಧಾನಗರ ಬೀಚಿನ ಮರಳಲ್ಲಿ ಸುಮ್ನೆ ಕೂತ್ಕೊಳ್ಳಿ.