ಬುತ್ತಿಯಿಲ್ಲದ ಪ್ರವಾಸ

ಧಾರವಾಡ ಸೀಮೆಯ ಸಂಸಾರಗಳಲ್ಲಿ ಪ್ರವಾಸವೆಂದರೆ ಮೊದಲು ಬುತ್ತಿ. ಅಣ್ಣಿಗೇರಿಯಿಂದ ಗೋಕರ್ಣಕ್ಕೆ ಹೊರಟರೂ ಸರಿ, ಕಾಶಿಗೆ ಹೊರಟರೂ ಸರಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿಗಳ ಗಂಟು ಮುಂದೆ, ಮನುಷ್ಯರು ಹಿಂದೆ. ಆದರೆ ಮಗನೋ ಮಗಳೋ ಅಮೇರಿಕದಲ್ಲಿರುವ ಮನೆಗಳ ಹಿರಿಯರಿಗೆ ಈಚೆಗೆ ಬುತ್ತಿಯ ಗೊಡವೆಯೇ ಇಲ್ಲದ ಒಂದು ಪ್ರವಾಸ ಪ್ರಾಪ್ತವಾಗುತ್ತಿದೆ. ಅದು ಮೆಕ್ಸಿಕೋ ದೇಶದ ಕಾನ್‌ಕುನ್ ಕಡಲತೀರ. ಟೆಕ್ಸಾಸಿನ ಹ್ಯೂಸ್ಟನ್ನಿನಿಂದ ವಿಮಾನದಲ್ಲಿ ಎರಡೂವರೆ ತಾಸು. ಚಾಲ್ತಿಯಲ್ಲಿರುವ ಅಮೇರಿಕದ ವೀಸಾ ಇದ್ದವರಿಗೆ ಮೆಕ್ಸಿಕೋದ ವೀಸಾ ಬೇರೆ ಬೇಕಿಲ್ಲ.

ಅಲ್ಲಿಯ ದೊಡ್ಡ ದೊಡ್ಡ ರೆಸಾರ್ಟುಗಳ ಕ್ರಮವೇ ಬೇರೆ. ಒಮ್ಮೆ ಹಣ ಕಟ್ಟಿದರೆ ಮುಗಿಯಿತು. ಕೋಣೆ, ಮೂರು ಹೊತ್ತಿನ ಊಟ, ನಡುನಡುವಿನ ತಿಂಡಿ, ಪಾನೀಯ, ಈಜುಕೊಳ, ಸಂಜೆಯ ಹಾಡುಕುಣಿತ ಎಲ್ಲವೂ ಅದರಲ್ಲೇ ಸೇರಿದವು. ಒಳಗೆ ಕಾಲಿಟ್ಟೊಡನೆ ಮುಂಗೈಗೊಂದು ಪಟ್ಟಿ ಕಟ್ಟುತ್ತಾರೆ. ಮದುಮಗನ ಕಂಕಣದಂತೆ ಅದನ್ನು ಕಾರ್ಯ ಮುಗಿಯುವ ತನಕ ಬಿಚ್ಚುವಂತಿಲ್ಲ.

ಈ ಪದ್ಧತಿಯ ಮೂಲ ಮೆಕ್ಸಿಕೋದ್ದಲ್ಲ. 1950ರಲ್ಲಿ ಬೆಲ್ಜಿಯಂ ದೇಶದ ಜೆರಾರ್ ಬ್ಲಿಟ್ಸ್ ಎಂಬವರು ಸ್ಪೇನಿನ ಮಜೋರ್ಕಾ ದ್ವೀಪದಲ್ಲಿ ಡೇರೆಗಳನ್ನು ಹಾಕಿ, ಯುದ್ಧದಿಂದ ಬಳಲಿದ ಜನಕ್ಕೆ ಒಂದೇ ಮೊತ್ತದಲ್ಲಿ ಊಟ, ವಸತಿ, ಆಟಗಳನ್ನು ಒದಗಿಸಿದರು. ಅದೇ ಕ್ಲಬ್ ಮೆಡಿಟರಾನೆ. ಕಾನ್‌ಕುನ್ ಆಗಿನ್ನೂ ಬರಿಯ ಮರಳದಿಬ್ಬ. ವಿದೇಶೀ ವಿನಿಮಯ ಗಳಿಸುವ ಹಂಚಿಕೆಯಿಂದ ಮೆಕ್ಸಿಕೋದ ಕೇಂದ್ರ ಬ್ಯಾಂಕಿನವರು ಆ ಸ್ಥಳವನ್ನು ಆರಿಸಿದರು. 1970ರಲ್ಲಿ ಕೆಲಸ ಆರಂಭವಾಗಿ 1974ರಲ್ಲಿ ಮೊದಲ ಹೋಟೆಲುಗಳು ಬಾಗಿಲು ತೆರೆದವು.

ಇನ್ನು ಹಣದ ಮಾತು. ಹೆಚ್ಚು ತಿಂದು ಕುಡಿಯುವವನಿಗೂ ಕಡಿಮೆ ತಿನ್ನುವವನಿಗೂ ದರ ಒಂದೇ ಆದಾಗ, ಕಡಿಮೆಯವನು ಹೆಚ್ಚಿನವನ ಖರ್ಚನ್ನು ಹೊತ್ತನೆಂದೇ ಅರ್ಥ. ಮಾಂಸ ಮುಟ್ಟದ, ಮದ್ಯದ ವಾಸನೆಗೇ ಸೆರಗು ಮುಚ್ಚಿಕೊಳ್ಳುವ, ಸೋಮವಾರ ಒಪ್ಪತ್ತು ಮಾಡುವ ನಮ್ಮ ಕಡೆಯ ಅಜ್ಜಿ ಯಾವನೋ ಅಪರಿಚಿತನ ಟೆಕೀಲಾಕ್ಕೆ ದುಡ್ಡು ತೆತ್ತಂತಾಯಿತು. ಇದನ್ನು ಯಾವ ಖಾತೆಗೆ ಬರೆಯಬೇಕೆಂಬುದನ್ನು ಚಿತ್ರಗುಪ್ತನೇ ಹೇಳಬೇಕು.

ಊಟದಲ್ಲಿ ಶಾಕಾಹಾರಿಗಳು ಕೇಳಿಯೇ ಬಡಿಸಿಕೊಳ್ಳಬೇಕು. ಅಲ್ಲಿ ಕಾಳಿನ ಪಲ್ಯಕ್ಕೆ ಹಂದಿಯ ಕೊಬ್ಬು ಸೇರಿರುವುದುಂಟು, ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುವುದುಂಟು. ಆದರೆ ಗೋವಿನಜೋಳದ ತೊರ್ತಿಯಾವನ್ನು ನಿಶ್ಚಿಂತೆಯಿಂದ ತಿನ್ನಬಹುದು. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ಹೆಂಚಿನ ಮೇಲೆ ಸುಡುತ್ತಾರೆ. ರೊಟ್ಟಿ ಬಡಿದ ಕೈಗೆ ಅದರ ಗುರುತು ಹತ್ತಲು ತಡವಾಗದು. ಮೆಣಸಿನಕಾಯಿಯ ತವರೂ ಮೆಕ್ಸಿಕೋ. ಪೋರ್ತುಗೀಜರ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂದು ಕುಂದಗೋಳದ ಎರೆಹೊಲದಲ್ಲಿ ಬೇರೂರಿದ ಆ ಮಗಳು, ಯಾರದೋ ಪೆಟ್ಟಿಗೆಯಲ್ಲಿ ಖಾರದ ಪುಡಿಯಾಗಿ ತವರಿಗೆ ಮರಳುವುದು ಸೋಜಿಗವಲ್ಲವೇ?

ನಮ್ಮ ಪರಿಚಯದ ಅಣ್ಣಿಗೇರಿಯ ದಂಪತಿಗಳು ಅಲ್ಲಿ ಐದು ದಿನ ಇದ್ದು ಬಂದರು. ಕರೆದೊಯ್ದ ಮಗನ ಆಸೆ ಒಂದೇ: ನಾಲ್ವತ್ತು ವರ್ಷ ಒಲೆಯ ಮುಂದೆ ಕುಳಿತ ತಾಯಿ ಐದು ದಿನವಾದರೂ ಸುಮ್ಮನಿರಲಿ.

"ಅವ್ವಾ, ನೀ ಏನೂ ಮಾಡಬ್ಯಾಡ, ಸುಮ್ನ ಕೂಡು" ಎಂದನಂತೆ.

"ಸುಮ್ನ ಕೂಡೂದು ಎಷ್ಟ ಹೊತ್ತಪಾ?" ಎಂದು ಆಕೆ.

ಮೊದಲ ದಿನ ಆಕೆ ಸಮುದ್ರ ನೋಡಿದರು. ಎರಡನೆಯ ದಿನ, ಜನರು ತಟ್ಟೆಯಲ್ಲಿ ಬಿಟ್ಟೇಳುವ ಅನ್ನ ನೋಡಿದರು. ಬಾವಿಯ ನೀರು ಸವುಳಾಗಿ ಕೆರೆಯ ನೀರನ್ನೇ ಕುಡಿಯಲು ಕಾಯ್ದಿಟ್ಟುಕೊಂಡ ಎರೆಸೀಮೆಯಿಂದ ಹೋದವರಿಗೆ ಚೆಲ್ಲುವುದನ್ನು ನೋಡುತ್ತ ಕೂಡುವುದು ವಿಶ್ರಾಂತಿಯಲ್ಲ. ಮೂರನೆಯ ದಿನ ಬೆಳಗಾಗುತ್ತಲೇ ಕೋಣೆಯನ್ನು ತಾವೇ ಒಪ್ಪ ಮಾಡಿಟ್ಟರು. ಕೆಲಸಕ್ಕೆ ಬಂದ ಹೆಂಗಸು ಅಲ್ಲಿಯ ಮಾಯಾ ಜನದವಳು. ಮಾಡಲು ಕೆಲಸವಿಲ್ಲದ್ದನ್ನು ಕಂಡು ಗಾಬರಿಯಾದಳು. ಭಾಷೆ ಇಬ್ಬರದೂ ಬೇರೆ. ಕೈಸನ್ನೆಯಲ್ಲೇ ಮಕ್ಕಳೆಷ್ಟು ಎಂಬ ವಿಚಾರಣೆ ನಡೆಯಿತು. ಬುತ್ತಿ ಬೇಡವೆಂದರೂ ಕೇಳದೆ ತಂದಿದ್ದ ಶೇಂಗಾ ಹೋಳಿಗೆ ಆಕೆಯ ಕೈಗೆ ಹೋಯಿತು. ಅಂದು ಮಧ್ಯಾಹ್ನ ಅವ್ವ ಕೊಳದ ದಂಡೆಯಲ್ಲಿ ನಿದ್ದೆ ಮಾಡಿದರೆಂದು ಮಗ ಈಗಲೂ ಬೆರಗಿನಿಂದ ಹೇಳುತ್ತಾನೆ. ನಮಗೆ ಬೆರಗೇನೂ ಇಲ್ಲ. ಉಣ್ಣುವುದು ದರದಲ್ಲಿ ಸೇರಿತ್ತು, ಉಣಿಸುವುದು ಸೇರಿರಲಿಲ್ಲ.

ಕರೆದೊಯ್ಯುವ ಮಕ್ಕಳು ಕೆಲವು ಸಂಗತಿಗಳನ್ನು ಗಮನಿಸಬೇಕು. ಅಮೇರಿಕಕ್ಕೆ ಮರಳಿ ಪ್ರವೇಶಿಸಲು ಹಿರಿಯರ ವೀಸಾ ಅನುಮತಿಸುವುದೇ ಎಂದು ಮೊದಲೇ ನೋಡಿಕೊಳ್ಳಬೇಕು. ಜೂನಿನಿಂದ ನವೆಂಬರಿನವರೆಗೆ ಚಂಡಮಾರುತದ ಕಾಲ. 2005ರ ವಿಲ್ಮಾ ಕಾನ್‌ಕುನ್‌ನ ಮರಳನ್ನೇ ಬಳಿದುಕೊಂಡು ಹೋಗಿತ್ತು. ಎಲ್ಲವೂ ಸೇರಿದೆಯೆಂದರೂ ಕೆಲಸದವರ ಕೈಗೆ ಒಂದೆರಡು ಡಾಲರು ಕೊಡುವುದು ರೂಢಿ, ಕೊಡಬೇಕಾದದ್ದೂ ಹೌದು. ಒಂದು ದಿನವಾದರೂ ಕಂಕಣದ ಮೋಹ ಬಿಟ್ಟು ಹೊರಬಿದ್ದು, ಸುಮಾರು 200 ಕಿಲೋಮೀಟರು ದೂರದ ಚಿಚೆನ್ ಇತ್ಸಾದ ಕಲ್ಲಿನ ಗೋಪುರವನ್ನು ಹಿರಿಯರಿಗೆ ತೋರಿಸಬೇಕು.

ಮಕ್ಕಳು ಊರಲ್ಲೇ ಇರುವವರು ಕಲಘಟಗಿಯ ದಾರಿ ಹಿಡಿದು, ಯಲ್ಲಾಪುರ ದಾಟಿ, ಘಟ್ಟ ಇಳಿದು ಅಂಕೋಲೆ, ಕಾರವಾರ ಸೇರಬಹುದು. ಸಮುದ್ರ ಅಲ್ಲಿಯೂ ಇದೆ. ಬುತ್ತಿಯನ್ನು ಯಾರೂ ಬೇಡವೆನ್ನುವುದಿಲ್ಲ.