ಬೆರಳಿನ ಬೆಲೆ

ಹತ್ತಿ ಬೆರಳಿಗೆ ಮೃದು; ಹತ್ತಿಯ ಯಂತ್ರ ಹಾಗಲ್ಲ. ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಯಲ್ಲಿ ಬೆಳೆದ ಹತ್ತಿಯು ನಮ್ಮ ಮನೆಗಳಿಗೆ ದಿಂಬಾಗಿ, ಧೋತರವಾಗಿ, ಸೀರೆಯಾಗಿ ಬರುವ ಮುನ್ನ ಜಿನ್ನಿನ ಬಾಯಿಯನ್ನು ಹಾದು ಬರಬೇಕು. 1840ರ ದಶಕದಲ್ಲಿ ಧಾರವಾಡ ಸೀಮೆಗೆ ಅಮೆರಿಕದ ಹತ್ತಿ ಕಾಲಿರಿಸಿದಾಗ ಅದರ ಬೆನ್ನಿಗೇ ಗರಗಸದ ಹಲ್ಲುಗಳುಳ್ಳ ಜಿನ್ನೂ ಬಂದಿತು. ಬೀಜದಿಂದ ಅರಳೆಯನ್ನು ಬಿಡಿಸಬಲ್ಲ ಆ ಹಲ್ಲಿಗೆ ಬೆರಳಿನ ಗುರುತು ತಿಳಿಯದು.

ಅವಘಡಗಳೆಲ್ಲ ಹೊಸಬನ ಅಜ್ಞಾನದ ಫಲವೆಂದು ನಾವು ಭಾವಿಸುವುದುಂಟು. ಪಳಗಿದ ಕೈಗೂ ಅದು ತಪ್ಪಿದ್ದಲ್ಲ. ಹತ್ತಿ ಸಿಕ್ಕಿಕೊಂಡು ಉರುಳೆ ತಡೆಯುತ್ತದೆ. ಯಂತ್ರ ನಿಲ್ಲಿಸಿದರೆ ಹೊತ್ತು ಹೋದೀತು, ಹೊತ್ತು ಹೋದರೆ ಕೂಲಿ ಕಡಿದೀತು. ‘ಒಂದೇ ಕ್ಷಣ’ ಎಂದು ಆತ ಕೈ ಚಾಚುತ್ತಾನೆ. ಒತ್ತಿ ಕಟ್ಟಿದ ಅಂಡಿಗೆಯದು ಇನ್ನೊಂದು ಬಗೆಯ ಅಪಾಯ. ಅದರ ತೂಕ ಸುಮಾರು 170 ಕಿಲೋ. ಉರುಳಿಸುವಾಗ ಲಾರಿಯ ಹಲಗೆಗೂ ಅಂಡಿಗೆಗೂ ನಡುವೆ ಸಿಕ್ಕಿದ ಬೆರಳು ಜಜ್ಜಿಹೋಗಲು ಗಳಿಗೆಯೂ ಬೇಡ.

1923ರಲ್ಲಿ ಬಂದು ಮುಂದೆ ತಿದ್ದುಪಡಿಗೊಂಡ ಕಾರ್ಮಿಕರ ಪರಿಹಾರ ಕಾಯಿದೆಯು ಬೆರಳು ಬೆರಳಿಗೂ ಲೆಕ್ಕ ಬರೆದಿಟ್ಟಿತ್ತು. ಹೆಬ್ಬೆರಳು ಪೂರ್ತಿ ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ. ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರದ ಬೆರಳಿಗೂ ಕಿರುಬೆರಳಿಗೂ ತಲಾ 7. ಪರಿಹಾರ ಕೊಡಲು ಇಂಥದೊಂದು ಲೆಕ್ಕ ಬೇಕು, ನಿಜ. ಆದರೆ ಗಜೇಂದ್ರಗಡದ ನೇಕಾರನನ್ನು ಕೇಳಿ ನೋಡಿ: ಕಡಿದ ಎಳೆಗೆ ಗಂಟು ಹಾಕಲು ಹೆಬ್ಬೆರಳೂ ತೋರುಬೆರಳೂ ಕೂಡಿಯೇ ಬರಬೇಕು. ರೊಟ್ಟಿ ಬಡಿಯುವ ಅಂಗೈ, ಮಗಳ ಜಡೆ ಹೆಣೆಯುವ ಬೆರಳು—ಇವಕ್ಕೆ ಆ ಪಟ್ಟಿಯಲ್ಲಿ ಅಂಕಣವೇ ಇರಲಿಲ್ಲ. ಏಕಲವ್ಯನ ಹೆಬ್ಬೆರಳನ್ನು ಗುರುವು ಕೇಳಿಯಾದರೂ ಪಡೆದನು. ಯಂತ್ರವು ಕೇಳುವುದೂ ಇಲ್ಲ.

ಒಂದು ವೇಳೆ ಅವಘಡವಾದರೆ ಮೊದಲು ಯಂತ್ರವನ್ನು ನಿಲ್ಲಿಸಬೇಕು. ಗಾಯವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲೆತ್ತಬೇಕು. ಬಾವು ಏರುವ ಮುನ್ನ ಉಂಗುರವನ್ನು ತೆಗೆಯಬೇಕು. ಅರಿಸಿನ, ಕಾಫಿಪುಡಿ ಮೆತ್ತಲಾಗದು. ತುಂಡಾದ ಬೆರಳನ್ನು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರು ನುಗ್ಗದ ಚೀಲದಲ್ಲಿರಿಸಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಗಾಯಾಳುವಿನೊಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಕೂಡದು. ಬೇಗ ತಲುಪಿದರೆ ಮರಳಿ ಜೋಡಿಸಲು ಸಾಧ್ಯವಾದೀತು.

ಇದೆಲ್ಲವೂ ಕಡೆಯ ಮಾತು. ಮೊದಲ ಮಾತು, ಯಂತ್ರದ ಬಾಯಿಗೆ ಭದ್ರವಾದ ಮುಚ್ಚಳವಿರಬೇಕು; ಅದು ನಿಂತ ಮೇಲಷ್ಟೇ ಕೈ ಒಳಹೋಗಬೇಕು. ಹೀಗೆ ನಿಲ್ಲಿಸಿದ ಐದು ನಿಮಿಷಕ್ಕೆ ಕೂಲಿ ಕಡಿಯದ ಯಜಮಾನನಿದ್ದಲ್ಲಿ ಬೆರಳುಗಳು ಉಳಿಯುತ್ತವೆ. ಐದು ನಿಮಿಷದ ನಷ್ಟವನ್ನು ಸಂಜೆಯೊಳಗೆ ತುಂಬಿಕೊಳ್ಳಬಹುದು. ಬೆರಳಿನದನ್ನು ತುಂಬಿಕೊಳ್ಳಲು ಒಂದು ಜನ್ಮ ಸಾಲದು.